ಮೊಡೆನಾದಲ್ಲಿ ಮರುಪರೀಕ್ಷೆ

ಶಿಶುವಿಹಾರದ ಶಿಕ್ಷಕಿಯರ ಪದವಿಯನ್ನು ಆನ್‌ಲೈನ್‌ನಲ್ಲಿ ಕಲಿಸಬೇಕೆಂದು ನಮ್ಮ ವಿಶ್ವವಿದ್ಯಾಲಯದ ಸಭೆಯಲ್ಲಿ ತೀರ್ಮಾನವಾದ ದಿನ ಅದಕ್ಕೆ ವಿರುದ್ಧವಾಗಿ ಕೈ ಎತ್ತಿದವರು ಸಹಪ್ರಾಧ್ಯಾಪಕಿ ಸ್ನೆಜಾನಾ ಗರ್ಗೋವಾ ಒಬ್ಬರೇ. ಉಳಿದವರಿಗೆ ಬೇಡ ಎನ್ನಲು ಕಾರಣವಿರಲಿಲ್ಲ. ಡ್ಯಾನ್ಯೂಬ್ ನದಿಯ ದಂಡೆಯ ನಮ್ಮ ಊರಿನಲ್ಲಿ ಓದುವ ವಯಸ್ಸಿನವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಹಾಸ್ಟೆಲಿನ ಮೇಲಿನ ಮಹಡಿಗಳಿಗೆ ಬೀಗ ಬಿದ್ದಿತ್ತು. ರಾಜಧಾನಿ ಸೋಫಿಯಾದ ಸಚಿವಾಲಯವೂ ಯುರೋಪಿನ ಒಕ್ಕೂಟವೂ ಸೇರಿ ಕ್ಯಾಮೆರಾ, ಕಂಪ್ಯೂಟರು, ಸಾಫ್ಟ್‌ವೇರು ಎಲ್ಲದರ ಖರ್ಚನ್ನೂ ನೋಡಿಕೊಳ್ಳುತ್ತೇವೆ ಎಂದಾಗ ಯಾರು ತಾನೇ ಬೇಡವೆಂದಾರು?

"ಬರದೇ ಇರೋ ಮಕ್ಕಳು ಕ್ಯಾಮೆರಾ ಇಟ್ಟ ತಕ್ಷಣ ಬರ್ತಾರಾ?" ಎಂದು ಗರ್ಗೋವಾ ಕೇಳಿದರು.

"ಅವ್ರು ಬರೋದೇ ಬೇಡ ಅಂತ ತಾನೇ ಸ್ನೆಜಾನಾ, ಇದನ್ನ ಮಾಡ್ತಿರೋದು," ಎಂದರು ಡೀನ್ ಬಾಲೆವ್. ಸಭೆ ನಕ್ಕಿತು. ಗರ್ಗೋವಾ ನಗಲಿಲ್ಲ.

ಆ ಯೋಜನೆಯ ತಾಂತ್ರಿಕ ಕೆಲಸ ನನ್ನ ತಲೆಗೆ ಬಂತು. ನನ್ನ ಹೆಸರು ಪ್ಲಾಮೆನ್. ಆಗ ನಾನು ಗ್ರಂಥಾಲಯದ ಪಕ್ಕದ ಹಳೇ ವಾಚನಾಲಯದಲ್ಲಿ ಕೂತು, ಯಾರ ಕಂಪ್ಯೂಟರ್ ಕೆಟ್ಟರೂ ರಿಪೇರಿ ಮಾಡಿಕೊಡುವವನಾಗಿದ್ದೆ. ಅದೇ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ದೀಪ ಹಾಕಿ, ಪಾಠಗಳನ್ನು ಚಿತ್ರೀಕರಿಸತೊಡಗಿದೆವು. ಮೇಷ್ಟ್ರುಗಳೆಲ್ಲ ಬಂದು ಹಳೇ ಟಿಪ್ಪಣಿಗಳನ್ನು ಓದಿ ಹೋದರು. ಗರ್ಗೋವಾ ಮಾತ್ರ ಬರಲಿಲ್ಲ. ಅವರು ಕಲಿಸುತ್ತಿದ್ದದ್ದು ಬಾಲಮನೋವಿಜ್ಞಾನ. ಆ ಪಾಠವಿಲ್ಲದೆ ಪದವಿಯೇ ಇಲ್ಲ. ಕೊನೆಗೆ ನಾನೇ ಅವರ ಮನೆಗೆ ಹೋದೆ.

"ನಾನು ಒಂದ್ಸಲ ಹೇಳಿದ್ದನ್ನ ನೀನು ಡಬ್ಬಿಗೆ ಹಾಕ್ಕೊಂಡ್ರೆ, ಮುಂದಿನ ವರ್ಷ ನಾನ್ಯಾಕೆ ಬೇಕು ಬಾಲೆವ್‌ಗೆ?" ಎಂದರು.

ಚಿತ್ರೀಕರಿಸಿದ ಪಾಠ ಯಾರ ಸ್ವತ್ತು ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯದ ವಕೀಲರ ಹತ್ತಿರವೂ ಉತ್ತರವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕಾಫಿ ಮಾಡಿಕೊಟ್ಟರು, ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದರು. ಅವಳು ಅವರ ಹಳೇ ವಿದ್ಯಾರ್ಥಿನಿ. ಆಮೇಲೆ ಹೇಳಿದರು: "ಚಿತ್ರ ತೆಗೆಸ್ಕೊಳ್ಳಲ್ಲ. ಬೇಕಾದ್ರೆ ಪರದೇಲಿ ಎದುರಾ ಎದುರು ಪಾಠ ಮಾಡ್ತೀನಿ. ಅವರೂ ನನ್ನನ್ನ ನೋಡ್ಬೇಕು, ನಾನೂ ಅವರನ್ನ ನೋಡ್ಬೇಕು. ಒಬ್ಬೊಬ್ಬರ ಕ್ಯಾಮೆರಾನೂ ಆನ್ ಇರ್ಬೇಕು. ಮುಖ ತೋರಿಸ್ದೆ ಇರೋರಿಗೆ ನನ್ನ ಪಾಠ ಇಲ್ಲ."

ಸುತ್ತಮುತ್ತಲಿನ ಹಳ್ಳಿಗಳ ಹುಡುಗಿಯರು ಸೇರಬಹುದೆಂದು ನಾವೆಲ್ಲ ಎಣಿಸಿದ್ದೆವು. ತರಗತಿ ಶುರುವಾದಾಗ ನೋಡಿದರೆ ಪರದೆಯ ತುಂಬ ನಲವತ್ತು, ಐವತ್ತು ದಾಟಿದ ಹೆಂಗಸರು. ಒಬ್ಬಳು ಇಟಲಿಯ ಬೊಲೊನ್ಯಾದಲ್ಲಿ, ಇನ್ನೊಬ್ಬಳು ಪಾರ್ಮಾದಲ್ಲಿ, ಇಬ್ಬರು ವಲೆನ್ಸಿಯಾದಲ್ಲಿ. ಎಲ್ಲರೂ ನಮ್ಮ ಜಿಲ್ಲೆಯವರೇ, ಎಲ್ಲರೂ ಪರದೇಶದಲ್ಲಿ ಪರರ ಮನೆಯ ಮುದುಕರನ್ನು ನೋಡಿಕೊಳ್ಳುವ ಕೆಲಸದವರು. ಪಾಠ ಮಧ್ಯಾಹ್ನದ ಊಟವಾದ ಮೇಲೆ ಇರಲಿ, ಮುದುಕರು ಮಲಗುವ ಹೊತ್ತು ಅದು, ಎಂದು ಅವರೇ ಕೇಳಿಕೊಂಡಿದ್ದರು. ಹಾಗಾಗಿ ಎಲ್ಲರೂ ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಅಡಿಗೆಮನೆಗಳು, ಮೆಟ್ಟಿಲ ಕೆಳಗಿನ ಮೂಲೆಗಳು, ಒಂದು ಬಚ್ಚಲುಮನೆ. ಪಾರ್ಮಾದವಳು ಇಸ್ತ್ರಿ ಮಾಡುತ್ತ ಕೇಳುತ್ತಿದ್ದಳು.

"ಇಸ್ತ್ರಿ ಪೆಟ್ಟಿಗೆ ಕೆಳಗಿಡು ಪೆನ್ಕಾ," ಎಂದರು ಗರ್ಗೋವಾ.

"ಕೆಳಗಿಟ್ರೆ ಅಂಗಿ ಸುಟ್ಟೋಗತ್ತೆ ಮೇಡಂ. ಕೈ ಅದರ ಪಾಡಿಗೆ ಅದು ಕೆಲಸ ಮಾಡತ್ತೆ, ಕಿವಿ ನಿಮ್ಮ ಕಡೆನೇ ಇದೆ."

"ಕಿವಿ ಇಲ್ಲಿದ್ರೆ ಸಾಲ್ದು. ಬರ್ಕೊಳ್ಳೋದು ಯಾವ ಕೈ?"

ಅವರಲ್ಲಿ ವರ್ಬಿನ್ಕಾ ಡಿಲೋವಾ ಎಂಬವಳು ಗರ್ಗೋವಾ ಅವರ ಕಣ್ಣಿಗೆ ಬೇಗ ಬಿದ್ದಳು. ನಮ್ಮ ಊರಿಂದ ಸ್ವಲ್ಪ ದೂರದ ಹಳ್ಳಿಯವಳು. ಅಲ್ಲಿನ ಶಿಶುವಿಹಾರದ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಳು. ಮಕ್ಕಳಿಲ್ಲವೆಂದು ಶಿಶುವಿಹಾರ ಮುಚ್ಚಿತು. ಗಂಡ ಮೊದಲೇ ಬಿಟ್ಟು ಹೋಗಿದ್ದ. ಮಗನನ್ನು ತಾಯಿಯ ಹತ್ತಿರ ಬಿಟ್ಟು ಇಟಲಿಯ ಮೊಡೆನಾಕ್ಕೆ ಹೋದವಳು, ಅಲ್ಲಿ ಎರ್ಸಿಲಿಯಾ ಎಂಬ ತೊಂಬತ್ತು ದಾಟಿದ ಅಜ್ಜಿಯನ್ನು ನೋಡಿಕೊಂಡಿದ್ದಳು. ಅವಳು ಕೇಳುವ ಪ್ರಶ್ನೆಗಳು ಪರೀಕ್ಷೆಗಾಗಿ ಕೇಳುವ ಪ್ರಶ್ನೆಗಳಲ್ಲ. ಮಗು ಹಟ ಮಾಡಿದಾಗ ಸೋಲಬಾರದು ಎಂದು ಪುಸ್ತಕ ಹೇಳಿದರೆ, "ಸೋತ್ರೆ ಏನಾಗತ್ತೆ ಮೇಡಂ, ಯಾರಿಗಾದ್ರೂ ಗೊತ್ತಾ?" ಎನ್ನುವಳು. ಗರ್ಗೋವಾ ಬೈಯುವರು, ಬೈದ ಮೇಲೆ ಉತ್ತರಿಸುವರು.

"ನೀನು ಆಗಿಂದ ಪಕ್ಕಕ್ಕೇ ನೋಡ್ತಿದೀಯಲ್ಲ, ಯಾರಿದಾರೆ ಅಲ್ಲಿ?"

"ಅಜ್ಜಿ ಮೇಡಂ. ನಿದ್ದೇಲಿ ಕಾಲು ಕೆಳಗೆ ಬಿಡ್ತಾಳೆ. ಹಾಗೇ ಎದ್ದು ನಡೆಯಕ್ಕೆ ಹೋಗ್ತಾಳೆ."

"ಸರಿ, ಒಂದು ಕಣ್ಣು ಅಲ್ಲಿರ್ಲಿ."

ಗರ್ಗೋವಾ ಪಾಠ ಮಾಡುವಾಗ ನಾನು ಅದೇ ಕೋಣೆಯಲ್ಲಿರುತ್ತಿದ್ದೆ. ಸಂಪರ್ಕ ಕಡಿದರೆ ಜೋಡಿಸಬೇಕಿತ್ತು. ಹಾಗಾಗಿ ಮಾರ್ಚಿನ ಆ ಪಾಠವನ್ನು ನಾನೂ ಕೇಳಿದೆ. ತಾಯಿಯಿಂದ ಅಗಲಿದ ಮಗುವಿನ ಬಗ್ಗೆ ಪಾಠ. ಮಗು ಮೊದಲು ಅಳುತ್ತದೆ, ಬಾಗಿಲು ಬಡಿಯುತ್ತದೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎರಡನೆಯ ಹಂತದಲ್ಲಿ ಮಂಕಾಗುತ್ತದೆ, ಊಟ ಬಿಡುತ್ತದೆ, ಗೋಡೆ ನೋಡಿಕೊಂಡು ಮಲಗುತ್ತದೆ. ಮೂರನೆಯ ಹಂತದಲ್ಲಿ ಎದ್ದು ಆಡತೊಡಗುತ್ತದೆ, ಎಲ್ಲರ ಜೊತೆ ನಗುತ್ತದೆ. ನೋಡಿದವರು ಮಗು ಸರಿಹೋಯಿತು ಎನ್ನುತ್ತಾರೆ. ಆಗ ತಾಯಿ ಬಂದರೆ ಅದು ಮುಖ ತಿರುಗಿಸುವುದಿಲ್ಲ, ಅಳುವುದಿಲ್ಲ. ಯಾರೋ ನೆಂಟರು ಬಂದ ಹಾಗೆ ನೋಡುತ್ತದೆ.

ಗರ್ಗೋವಾ ಇದನ್ನೆಲ್ಲ ಎಂದಿನ ಸಮ ದನಿಯಲ್ಲಿ ಹೇಳುತ್ತಿದ್ದರು. ಎರಡನೆಯ ಹಂತಕ್ಕೆ ಬಂದಾಗ ಪರದೆಯ ಮೇಲೊಂದು ಚೌಕ ಕಪ್ಪಾಯಿತು. ಸಂಪರ್ಕ ಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಹೋಗಿರಲಿಲ್ಲ. ಪೆನ್ಕಾ ಕ್ಯಾಮೆರಾ ಮುಚ್ಚಿದ್ದಳು. ಅದರ ಹಿಂದೆ ಇನ್ನೊಂದು ಚೌಕ ಕಪ್ಪಾಯಿತು, ಮತ್ತೆ ಎರಡು. ಮೂರನೆಯ ಹಂತ ಮುಗಿಯುವಷ್ಟರಲ್ಲಿ ಒಂದು ಮುಖವೂ ಉಳಿಯಲಿಲ್ಲ. ಕೊನೆಗೆ ಕಪ್ಪಾದದ್ದು ವರ್ಬಿನ್ಕಾಳದ್ದು.

ಅಷ್ಟೂ ಕಪ್ಪು ಚೌಕಗಳ ಎದುರು ಗರ್ಗೋವಾ ಮಾತು ನಿಲ್ಲಿಸಿದರು. ಮುಖ ತೋರಿಸಿ ಎಂದು ಗದರುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರೂ ಎದ್ದು ಹೋಗಿಲ್ಲ ಅಂತ ನಂಗೆ ಗೊತ್ತು," ಎಂದರು. "ಪಾಠ ಮುಂದಕ್ಕೆ ಹೇಳ್ತೀನಿ. ಬರ್ಕೊಳ್ಳಿ."

ಗಂಟೆ ಮುಗಿಯುವವರೆಗೂ ಆ ಕತ್ತಲೆಗೇ ಪಾಠ ಹೇಳಿದರು. ಎಲ್ಲರೂ ಹೋದ ಮೇಲೂ ಕುರ್ಚಿಯಿಂದ ಏಳಲಿಲ್ಲ. ನಾನು ದೀಪ ಆರಿಸಲೋ ಬೇಡವೋ ಎಂದು ನಿಂತೆ.

"ಇಷ್ಟು ವರ್ಷ ಈ ಪಾಠ ಮಾಡಿದೀನಿ ಪ್ಲಾಮೆನ್," ಎಂದರು. "ಎದುರಿಗೆ ಕೂತಿರ್ತಿದ್ದೋರು ಚಿಕ್ಕ ಹುಡುಗೀರು. ಉಗುರು ನೋಡ್ಕೊಂಡು ಬರ್ಕೊಳ್ಳೋರು. ಇದು ಯಾರಿಗೂ ಆಗಿರೋ ವಿಷಯ ಅಂತ ನಂಗೇ ಅನ್ನಿಸ್ತಿರ್ಲಿಲ್ಲ."

ಮರುದಿನದಿಂದ ಕ್ಯಾಮೆರಾ ಕಡ್ಡಾಯ ಎಂಬ ಮಾತನ್ನು ಅವರು ಎತ್ತಲಿಲ್ಲ.

ಪರೀಕ್ಷೆಯದ್ದು ಬೇರೆಯೇ ಕತೆಯಾಯಿತು. ಗರ್ಗೋವಾ ಯಾವತ್ತೂ ಬಾಯಿಪರೀಕ್ಷೆಯನ್ನೇ ಮಾಡಿದವರು. ಮೇಜಿನ ಮೇಲೆ ಪ್ರಶ್ನೆಚೀಟಿಗಳನ್ನು ಬೋರಲು ಹಾಕಿಡುವುದು, ವಿದ್ಯಾರ್ಥಿ ತನ್ನ ಕೈಯಾರೆ ಒಂದನ್ನು ಎತ್ತುವುದು, ಬಂದ ಪ್ರಶ್ನೆಗೆ ಉತ್ತರ ಹೇಳುವುದು. ನಮ್ಮಲ್ಲಿ ಅಪ್ಪ, ಅಜ್ಜ ಎಲ್ಲರೂ ಬರೆದಿರುವುದು, ಅಂದರೆ ಹೇಳಿರುವುದು, ಇಂಥ ಪರೀಕ್ಷೆಗಳನ್ನೇ. ಪರದೆಯಲ್ಲಿ ಚೀಟಿ ಎತ್ತುವುದು ಹೇಗೆ? ಅವರು ಚೀಟಿಗಳನ್ನು ಇಸ್ಪೀಟೆಲೆಯಂತೆ ಬಿಡಿಸಿ ಕ್ಯಾಮೆರಾಗೆ ಹಿಡಿದರು. "ಎಡಗಡೆಯಿಂದ ನಾಲ್ಕನೇದು ಮೇಡಂ," ಎಂದು ವಿದ್ಯಾರ್ಥಿನಿ ಹೇಳಬೇಕು. ಇಷ್ಟಕ್ಕೆ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ಕಾವಲು ಸಾಫ್ಟ್‌ವೇರಿನಿಂದ. ಸಾರ್ವಜನಿಕ ದುಡ್ಡಿನ ಪದವಿ, ನಕಲು ನಡೆಯಬಾರದು ಎಂದು ಸಚಿವಾಲಯ ಷರತ್ತು ಹಾಕಿತ್ತು. ವಿದ್ಯಾರ್ಥಿಯ ಮುಖ ಪರದೆಯಿಂದ ಆಚೆ ಹೋದರೆ, ಕೋಣೆಯಲ್ಲಿ ಇನ್ನೊಂದು ಮುಖ ಕಂಡರೆ, ಕಣ್ಣು ಅತ್ತಿತ್ತ ಹೊರಳಿದರೆ ಅದು ಕೆಂಪು ಪಟ್ಟಿ ತೋರಿಸಿ ಪರೀಕ್ಷೆ ಮುಚ್ಚುತ್ತಿತ್ತು. ಎಲ್ಲಿಯದೋ ದೇಶದಲ್ಲಿ ಮಾಡಿದ ಸಾಫ್ಟ್‌ವೇರು. ನಾವು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುವವರು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಗರ್ಗೋವಾ "ಪ್ರಶ್ನೆ ಅರ್ಥ ಆಯ್ತಾ?" ಎಂದು ಕೇಳಿದಾಗಲೆಲ್ಲ ಪಾಪ, ಹೆಂಗಸರು ಆಯಿತು ಎಂದು ತಲೆ ಆಡಿಸುವರು, ಅತ್ತಿತ್ತ ನೋಡುತ್ತಿದ್ದಾರೆಂದು ಸಾಫ್ಟ್‌ವೇರು ಗುರುತು ಹಾಕುವುದು.

ವರ್ಬಿನ್ಕಾ ಎತ್ತಿಸಿದ ಚೀಟಿಯಲ್ಲಿ ಬಂದದ್ದು ಅಗಲಿದ ಮಗುವಿನ ಪ್ರಶ್ನೆ. ಗರ್ಗೋವಾ ಅದನ್ನು ಓದಿ ಹೇಳಿದರು. ಬೇರೆ ಚೀಟಿ ಕೊಡಬಹುದಿತ್ತೋ ಏನೋ, ಕೊಡಲಿಲ್ಲ. ವರ್ಬಿನ್ಕಾ ಮೊದಲ ಹಂತವನ್ನು ಚೆನ್ನಾಗಿಯೇ ಹೇಳಿದಳು. ಎರಡನೆಯದನ್ನು ಶುರು ಮಾಡಿದ್ದಳು, ಒಳಗಿನಿಂದ ಏನೋ ಬಿದ್ದ ಸದ್ದಾಯಿತು. "ವರ್ಬಾ! ವರ್ಬಾ!" ಎಂದು ಅಜ್ಜಿಯ ದನಿ.

"ಒಂದ್ನಿಮಿಷ ಮೇಡಂ," ಎಂದು ಅವಳು ಎದ್ದು ಹೋದಳು.

ಖಾಲಿ ಕುರ್ಚಿ, ಅದರ ಹಿಂದೆ ಅಡಿಗೆಮನೆಯ ಹಸಿರು ಗೋಡೆ. ದೂರದಲ್ಲಿ ಅವಳು ಇಟಾಲಿಯನ್‌ನಲ್ಲಿ ಏನೋ ಹೇಳುತ್ತಿದ್ದಳು, ಮೆತ್ತಗೆ, ಒಂದೇ ಮಾತನ್ನು ಮತ್ತೆ ಮತ್ತೆ. ಕೆಂಪು ಪಟ್ಟಿ ಬಂತು. ಪರದೆ ಮುಚ್ಚಿಕೊಂಡಿತು.

"ತೆಗಿ ಅದನ್ನ," ಎಂದರು ಗರ್ಗೋವಾ.

"ನನ್ನ ಕೈಲಿ ಇಲ್ಲ ಮೇಡಂ. ಒಂದ್ಸಲ ಮುಚ್ಚಿದ್ರೆ ಮುಚ್ಚಿದ ಹಾಗೇ."

ಆ ವಾರ ಅರ್ಧಕ್ಕಿಂತ ಹೆಚ್ಚು ಮಂದಿಯ ಪರೀಕ್ಷೆ ಒಂದಲ್ಲ ಒಂದು ಕಾರಣಕ್ಕೆ ಹೀಗೆಯೇ ಮುಚ್ಚಿತು. ಅಜ್ಜಿಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ, ಮೊಣಕೈ ತರಚಿತ್ತು ಎಂದು ವರ್ಬಿನ್ಕಾ ಆಮೇಲೆ ಫೋನ್ ಮಾಡಿ ತಿಳಿಸಿದಳು. ತನ್ನ ಪರೀಕ್ಷೆಯ ಬಗ್ಗೆ ಏನೂ ಕೇಳಲಿಲ್ಲ.

ಡೀನ್ ಬಾಲೆವ್ ಕೆಟ್ಟ ಮನುಷ್ಯರಲ್ಲ. ಆದರೆ ನಿಯಮ ನಿಯಮವೇ. ಮುಚ್ಚಿದ ಪರೀಕ್ಷೆಗಳಿಗೆಲ್ಲ ಎರಡು ಅಂಕ ಹಾಕಬೇಕು ಎಂದರು. ನಮ್ಮಲ್ಲಿ ಆರಕ್ಕೆ ಎರಡು ಎಂದರೆ ನಪಾಸು.

"ತಪ್ಪು ಉತ್ತರ ಹೇಳಿದ್ರೆ ಎರಡು ಹಾಕ್ತೀನಿ," ಎಂದರು ಗರ್ಗೋವಾ. "ಉತ್ತರ ಮುಗ್ಸೋಕೇ ಬಿಟ್ಟಿಲ್ಲವಲ್ಲ."

"ಮರುಪರೀಕ್ಷೆಗೆ ಇಲ್ಲಿಗೆ ಬರ್ಲಿ. ಎದುರಿಗೆ ಕೂತು ಹೇಳ್ಲಿ. ಅದಕ್ಕೆ ಅವಕಾಶ ಇದೆ."

"ಒಂದು ವಾರ ಬಿಟ್ಟು ಬಂದ್ರೆ ಆ ಮನೆಯೋರು ಇನ್ನೊಬ್ಬಳನ್ನ ಇಟ್ಕೋತಾರೆ ಬಾಲೆವ್. ಬರಕ್ಕಾಗೋ ಹಾಗಿದ್ರೆ ಆನ್‌ಲೈನ್ ಯಾಕೆ ಸೇರ್ತಿದ್ರು?"

"ನೀವೇ ತಾನೇ ಈ ಯೋಜನೆ ಬೇಡ ಅಂದಿದ್ದು?"

"ಈಗ್ಲೂ ಬೇಡ ಅಂತೀನಿ. ಆದ್ರೆ ಸೇರಿಸ್ಕೊಂಡಾಗಿದೆಯಲ್ಲ."

ಬಾಲೆವ್ ಪೆನ್ನು ತಿರುಗಿಸುತ್ತ ಕೂತರು. ಗರ್ಗೋವಾ ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮರುಪರೀಕ್ಷೆ ಎದುರಾ ಎದುರು ಆಗ್ಬೇಕು ಅಂತ ನಿಯಮ. ಎಲ್ಲಿ ಆಗ್ಬೇಕು ಅಂತ ಇದೆಯಾ?"

ಇರಲಿಲ್ಲ. ಮುಖ್ಯಸ್ಥರಾದ ರೆಕ್ಟರ್ ಅನುಮತಿ ಕೊಟ್ಟರೆ ವಿಶ್ವವಿದ್ಯಾಲಯದ ಆವರಣದ ಹೊರಗೂ ಪರೀಕ್ಷೆ ನಡೆಸಬಹುದು ಎಂದಿತ್ತು. ಆಸ್ಪತ್ರೆಯಲ್ಲಿ ಮಲಗಿದವರಿಗೋ ಸೈನ್ಯದಲ್ಲಿರುವವರಿಗೋ ಎಂದು ಯಾವ ಕಾಲದಲ್ಲೋ ಮಾಡಿದ ನಿಯಮ. ಅರ್ಧ ತರಗತಿ ನಪಾಸಾದರೆ ಸಚಿವಾಲಯಕ್ಕೆ ಏನು ಹೇಳುವುದು ಎಂಬ ಚಿಂತೆಯಲ್ಲಿದ್ದ ರೆಕ್ಟರ್ ಸಹಿ ಹಾಕಿದರು. ಪ್ರಯಾಣದ ಖರ್ಚು ಮಾತ್ರ ಸಿಗಲಿಲ್ಲ. ಇದು ದೂರಶಿಕ್ಷಣದ ಯೋಜನೆ, ಇದರಲ್ಲಿ ಶಿಕ್ಷಕರು ಪ್ರಯಾಣ ಮಾಡುವ ಮಾತೇ ಬರುವುದಿಲ್ಲ ಎಂದು ಲೆಕ್ಕಪತ್ರದವರು ಹೇಳಿದರು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು.

ನಮ್ಮ ಊರಿಂದ ಇಟಲಿಗೆ ಪ್ರತಿ ವಾರ ಗೆತ್ಸೊ ಎಂಬವನ ಮಿನಿಬಸ್ಸು ಹೋಗುತ್ತದೆ. ಹೋಗುವಾಗ ಹೆಂಗಸರೂ ಊರಿನ ತಿಂಡಿ ಪೆಟ್ಟಿಗೆಗಳೂ, ಬರುವಾಗ ಹೆಂಗಸರೂ ಇಟಲಿಯ ಬಟ್ಟೆ ಮೂಟೆಗಳೂ. ಗರ್ಗೋವಾ ಅದರಲ್ಲೇ ಮೊಡೆನಾಕ್ಕೆ ಹೊರಟರು. ಪರೀಕ್ಷೆಗೆ ಇಬ್ಬರು ಇರಬೇಕೆಂಬ ನಿಯಮವಿದ್ದುದರಿಂದ ನಾನೂ ಹೊರಟೆ. ಗರ್ಗೋವಾ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಕಾಲ ಹತ್ತಿರ ಯಾರದೋ ಉಪ್ಪಿನಲ್ಲಿ ಹಾಕಿದ ಕೋಸಿನ ಡಬ್ಬ ಇಟ್ಟುಕೊಂಡು, ಕಿಟಕಿ ಪಕ್ಕ ನೆಟ್ಟಗೆ ಕೂತರು.

"ಅಕ್ಕಾ, ನೀವು ಯಾರ ಮನೆಗೆ ಕೆಲಸಕ್ಕೆ ಹೋಗ್ತಿರೋದು?" ಎಂದು ಗೆತ್ಸೊ ಕೇಳಿದ. "ಅಜ್ಜನಾ, ಅಜ್ಜಿನಾ? ಅಜ್ಜಿ ಆದ್ರೆ ಒಳ್ಳೇದು. ಅಜ್ಜಂದಿರ ಕಾಟ ಜಾಸ್ತಿ."

"ಪರೀಕ್ಷೆ ಮಾಡಕ್ಕೆ ಹೋಗ್ತಿದೀನಿ."

"ಡಾಕ್ಟರಾ?"

"ಮೇಷ್ಟ್ರು."

ಗೆತ್ಸೊ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿ ಹಾಡಿನ ಸದ್ದು ಕಡಿಮೆ ಮಾಡಿದ. ಸರ್ಬಿಯಾ ದಾಟುವಾಗ ಬಸ್ಸಿನ ಹೆಂಗಸರೆಲ್ಲ ಬುತ್ತಿ ಬಿಚ್ಚಿದರು. ಚೀಸು ಹಾಕಿದ ಬಾನಿತ್ಸಾ, ಬೇಯಿಸಿದ ಮೊಟ್ಟೆ, ಕೆಂಪು ಮೆಣಸಿನ ಚಟ್ನಿ. ಗರ್ಗೋವಾ ಬೇಡ ಬೇಡ ಎನ್ನುತ್ತಲೇ ಎಲ್ಲರ ಬಾನಿತ್ಸಾ ತಿಂದರು. ಪಕ್ಕದ ಹೆಂಗಸು ತನ್ನ ಮೂರು ಮಕ್ಕಳ ಫೋಟೋ ತೋರಿಸಿ, ಯಾರು ಯಾರ ಹತ್ತಿರ ಬೆಳೆಯುತ್ತಿದ್ದಾರೆಂದು ಹೇಳಿದಳು. ಒಬ್ಬ ಅತ್ತೆಯ ಹತ್ತಿರ, ಒಬ್ಬಳು ಅಕ್ಕನ ಹತ್ತಿರ, ಚಿಕ್ಕವನು ನೆರೆಮನೆಯಲ್ಲಿ. ಗರ್ಗೋವಾ ಪ್ರತಿಯೊಂದು ಮಗುವಿನ ವಯಸ್ಸನ್ನೂ ಕೇಳಿ ತಿಳಿದುಕೊಂಡರು.

ಮೊಡೆನಾದಲ್ಲಿ ಭಾನುವಾರ ಮುದುಕರನ್ನು ನೋಡಿಕೊಳ್ಳುವ ಹೆಂಗಸರಿಗೆ ರಜೆ. ಬಸ್ಸುಗಳು ನಿಲ್ಲುವ ಪಾರ್ಕಿನಲ್ಲಿ ಅವರೆಲ್ಲ ಸೇರುತ್ತಾರೆ. ನಮ್ಮವರು, ರೊಮೇನಿಯಾದವರು, ಉಕ್ರೇನಿನವರು, ಒಬ್ಬೊಬ್ಬರದು ಒಂದೊಂದು ಮರದ ಕೆಳಗೆ. ಪರೀಕ್ಷೆಗೆ ಪಕ್ಕದ ಚರ್ಚಿನ ಪಾದ್ರಿ, ಮಕ್ಕಳಿಗೆ ಧರ್ಮಪಾಠ ಹೇಳುವ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಕುರ್ಚಿಗಳೆಲ್ಲ ಪುಟ್ಟವು. ಬೊಲೊನ್ಯಾ, ಪಾರ್ಮಾ, ಫೆರ್ರಾರಾಗಳಿಂದ ರೈಲು ಹತ್ತಿ ಬಂದ ಹೆಂಗಸರು ಒಳ್ಳೆಯ ಬಟ್ಟೆ ಹಾಕಿಕೊಂಡು, ಕೂದಲು ತಿದ್ದಿಸಿಕೊಂಡು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಆ ಕುರ್ಚಿಗಳಲ್ಲಿ ಸಾಲಾಗಿ ಕೂತರು. ಪರದೆಯಲ್ಲಿ ಇಷ್ಟು ದಿನ ನೋಡಿದ್ದ ಮುಖಗಳು. ಎಲ್ಲರೂ ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು.

ಗರ್ಗೋವಾ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ದೂರ ಬಂದಿದ್ದೇನೆಂದು ಯಾರಿಗೂ ಸಡಿಲು ಬಿಡಲಿಲ್ಲ. ಪೆನ್ಕಾಗೆ ಬಂದದ್ದು ಮಕ್ಕಳ ಆಟದ ಪ್ರಶ್ನೆ. ಅವಳು ಅರ್ಧಕ್ಕೇ ತಡವರಿಸಿದಳು, ಆಮೇಲೆ ನಗತೊಡಗಿದಳು.

"ಓದಿಲ್ಲ ನೀನು."

"ಓದಿದೀನಿ ಮೇಡಂ. ಹೋದ ವಾರ ನಾನು ನೋಡ್ಕೋತಿದ್ದ ಅಜ್ಜ ತೀರ್ಕೊಂಡ. ಓದಿದ್ದೆಲ್ಲ ಅವನ ಜೊತೇಲೇ ಹೋಯ್ತು."

ಗರ್ಗೋವಾ ಅವಳನ್ನು ಕೂರಿಸಿಕೊಂಡು ಇನ್ನೂ ಎರಡು ಪ್ರಶ್ನೆ ಕೇಳಿದರು. ಅವೂ ಆಗಲಿಲ್ಲ. "ಸೆಪ್ಟೆಂಬರಲ್ಲಿ ಬಾ," ಎಂದರು. ಪೆನ್ಕಾ ಹೊರಗೆ ಹೋಗಿ ಅತ್ತಳು. ಸ್ವಲ್ಪ ಹೊತ್ತಿಗೆ ಮರದ ಕೆಳಗೆ ಉಳಿದವರ ಜೊತೆ ಕಲ್ಲಂಗಡಿ ತಿನ್ನುತ್ತಿದ್ದಳು.

ವರ್ಬಿನ್ಕಾ ಎಲ್ಲರಿಗಿಂತ ತಡವಾಗಿ ಬಂದಳು. ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಅದರಲ್ಲಿ ಎರ್ಸಿಲಿಯಾ ಅಜ್ಜಿ, ಮುತ್ತಿನ ಸರ ಹಾಕಿಕೊಂಡು, ಮೊಣಕೈಗೆ ಪಟ್ಟಿ ಕಟ್ಟಿಕೊಂಡು. ಭಾನುವಾರ ಅಜ್ಜಿಯನ್ನು ನೋಡಿಕೊಳ್ಳಬೇಕಾದ ಅವಳ ಮಗಳು ಸಮುದ್ರಕ್ಕೆ ಹೋಗಿದ್ದಳಂತೆ.

"ಕ್ಷಮಿಸಿ ಮೇಡಂ. ಬಿಟ್ಟು ಬರಕ್ಕಾಗ್ಲಿಲ್ಲ. ಇವಳು ಇಲ್ಲಿದ್ರೆ ಪರೀಕ್ಷೆ ಮುಚ್ಚೋಗಲ್ಲ ತಾನೇ?"

"ಇಲ್ಲಿ ಮುಚ್ಚೋಳು ನಾನು. ಕೂತ್ಕೋ."

ಅವಳು ಚೀಟಿಗೆ ಕೈ ಚಾಚಿದಳು. ಗರ್ಗೋವಾ ಚೀಟಿಗಳ ಮೇಲೆ ತಮ್ಮ ಅಂಗೈ ಇಟ್ಟರು. "ನಿಂದು ಅರ್ಧಕ್ಕೆ ನಿಂತಿದೆಯಲ್ಲ. ಅದನ್ನೇ ಮುಗ್ಸು. ಎರಡನೇ ಹಂತದಿಂದ."

ವರ್ಬಿನ್ಕಾ ಎರಡನೇ ಹಂತ ಹೇಳಿದಳು. ಮೂರನೆಯದಕ್ಕೆ ಬಂದಳು. ಪುಸ್ತಕದಲ್ಲಿದ್ದಷ್ಟನ್ನು ಹೇಳಿ ನಿಲ್ಲಿಸಿದಳು.

"ನನ್ನ ಮಗ ಕಾಲೊಯಾನ್," ಎಂದಳು ಆಮೇಲೆ. "ನಾನು ಹೊರಟಾಗ ಏಳು ವರ್ಷದೋನು. ಮೊದಲನೇ ಸಲ ರಜಕ್ಕೆ ಊರಿಗೆ ಹೋದೆ. ಗೇಟ್ ಹತ್ರ ನಿಂತಿದ್ದ. ಅಪ್ಪಿಕೊಂಡೆ, ಸುಮ್ನೆ ನಿಂತಿದ್ದ. ಆಮೇಲೆ, 'ನಿಮ್ಮ ಪ್ರಯಾಣ ಹೇಗಿತ್ತು?' ಅಂದ. 'ನೀವು' ಅಂದ ನನ್ನನ್ನ. ಎಷ್ಟು ಮರ್ಯಾದಸ್ಥ ಹುಡುಗ ಅಂತ ನೆರೆಮನೆಯವಳು ಹೊಗಳಿದ್ಲು. ನಮ್ಮಮ್ಮನೂ ಖುಷಿಪಟ್ಲು."

ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು.

ಗರ್ಗೋವಾ ಕಾದರು. ವರ್ಬಿನ್ಕಾ ಕಣ್ಣೊರೆಸಿಕೊಳ್ಳುವವರೆಗೂ ಕಾದು, ಎಂದಿನ ದನಿಯಲ್ಲೇ ಕೇಳಿದರು: "ಇಷ್ಟು ಮಗುವಿನ ಕಡೆಯಿಂದ ಆಯ್ತು. ಪ್ರಶ್ನೇಲಿ ಇನ್ನೊಂದು ಭಾಗ ಇದೆ. ಇಂಥ ಮಗು ನಿನ್ನ ಶಿಶುವಿಹಾರಕ್ಕೆ ಬಂತು. ಶಿಕ್ಷಕಿ ಏನ್ ಮಾಡ್ಬೇಕು?"

"ಪ್ರೀತಿ ಮಾಡ್ಬೇಕು."

"ಅದು ಉತ್ತರ ಅಲ್ಲ."

"ಅಪ್ಪಿಕೋಬೇಕು, ಮಾತಾಡಿಸ್ಬೇಕು..."

"ಮೈ ಮುಟ್ಟಿದ್ರೆ ಮರಗಟ್ಟೋ ಮಗೂನ ಅಪ್ಪಿಕೊಂಡ್ರೆ ಅದು ಇನ್ನೂ ದೂರ ಹೋಗತ್ತೆ. ಯೋಚನೆ ಮಾಡು."

ವರ್ಬಿನ್ಕಾ ಯೋಚಿಸಿದಳು. ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದಳು.

ಆಗ ಗರ್ಗೋವಾ ಪರೀಕ್ಷೆಯನ್ನು ಬದಿಗಿಟ್ಟು ಪಾಠ ಹೇಳಿದರು. ಆ ಮಗು ಮರೆತಿರುವುದಿಲ್ಲ, ನಂಬುವುದನ್ನು ಬಿಟ್ಟಿರುತ್ತದೆ. ಅದರ ಹತ್ತಿರ ಹೋಗಬಾರದು, ಅದು ಬರುವಷ್ಟು ದೂರದಲ್ಲಿ ಇರಬೇಕು. ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತಿರಬೇಕು. ಬರುತ್ತೇನೆಂದ ಹೊತ್ತಿಗೆ ಬರಬೇಕು. ಬರಲಾಗದ ದಿನ ಮೊದಲೇ ಹೇಳಬೇಕು. ಉಡುಗೊರೆಗಳಿಂದ ಪ್ರಯೋಜನವಿಲ್ಲ. ಮಗು ಒಂದು ದಿನ ಸಿಟ್ಟು ಮಾಡುತ್ತದೆ, ಒದೆಯುತ್ತದೆ, ಕೆಟ್ಟ ಮಾತಾಡುತ್ತದೆ. ಆಗ ಹೆದರಬಾರದು. ಅದು ಮೊದಲನೆಯ ಹಂತಕ್ಕೆ ಮರಳಿತು ಎಂದರ್ಥ. ಅಲ್ಲಿಂದ ದಾರಿಯುಂಟು.

ಹೊರಗಿದ್ದ ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು. ಪೆನ್ಕಾ ಕೂಡ, ಕೈಯಲ್ಲಿ ಕಲ್ಲಂಗಡಿಯ ಹೋಳು ಹಿಡಿದುಕೊಂಡು.

"ಫೋನಲ್ಲೂ ಆಗತ್ತಾ ಮೇಡಂ ಅದು?" ಎಂದು ವರ್ಬಿನ್ಕಾ ಕೇಳಿದಳು. "ನಾನು ಅಜ್ಜಿ ಮಲಗಿದಾಗ ಮಾಡ್ತೀನಿ. ಒಂದಿನ ಬೆಳಗ್ಗೆ, ಒಂದಿನ ಸಂಜೆ."

"ಹೊತ್ತು ಗೊತ್ತುಮಾಡ್ಕೋ. ಅಜ್ಜಿ ಎದ್ದಿದ್ರೂ ಪರ್ವಾಗಿಲ್ಲ, ಅದೇ ಹೊತ್ತಿಗೆ ಮಾಡು. ಅವನು ಮಾತಾಡದಿದ್ರೂ ಮಾಡು."

"ಎಷ್ಟು ದಿನ?"

"ಅದು ಪುಸ್ತಕದಲ್ಲಿಲ್ಲ. ನಂಗೂ ಗೊತ್ತಿಲ್ಲ."

ಗರ್ಗೋವಾ ಅಂಕ ಹಾಕಿದರು. ನಾಲ್ಕು. ವರ್ಬಿನ್ಕಾ ಅದನ್ನು ನೋಡಿ ಮುಖ ಸಣ್ಣ ಮಾಡಿದಳು. "ಆರು ಬರತ್ತೆ ಅಂದ್ಕೊಂಡಿದ್ದೆ ಮೇಡಂ."

"ಅರ್ಧ ಪ್ರಶ್ನೆಗೆ ನಾನೇ ಉತ್ತರ ಹೇಳಿದ್ದಲ್ವಾ? ಆ ಎರಡು ಅಂಕ ನಂದು."

ಎಲ್ಲರೂ ನಕ್ಕರು. ನಗುವಿನ ಸದ್ದಿಗೆ ಎರ್ಸಿಲಿಯಾ ಅಜ್ಜಿಗೆ ಎಚ್ಚರವಾಯಿತು. ಅವಳು ಗರ್ಗೋವಾ ಅವರತ್ತ ಬೆರಳು ಮಾಡಿ ವರ್ಬಿನ್ಕಾಳನ್ನು ಏನೋ ಕೇಳಿದಳು.

"ಏನಂತೆ?"

"ನೀವು ನನ್ನಮ್ಮನಾ ಅಂತ ಕೇಳ್ತಿದಾಳೆ."

"ಏನಂದೆ?"

"ಅಲ್ಲ, ಅಮ್ಮ ಇಷ್ಟು ಬೈಯಲ್ಲ ಅಂದೆ."

ಸಂಜೆ ಗೆತ್ಸೊನ ಬಸ್ಸು ಹೊರಡುವಾಗ ಹೆಂಗಸರು ನಮ್ಮ ಕೈಗೆ ಚೀಸು, ಕಾಫಿಪುಡಿ, ಊರಿಗೆ ತಲುಪಿಸಬೇಕಾದ ಬೂಟು, ಬ್ಯಾಗುಗಳನ್ನು ತುಂಬಿದರು. ಹೋಗುವಾಗ ಇದ್ದುದಕ್ಕಿಂತ ಬರುವಾಗ ಕಾಲಿಡಲು ಜಾಗ ಕಡಿಮೆಯಿತ್ತು.

ಮುಂದೆ ಎಲ್ಲವೂ ನೆಟ್ಟಗಾಯಿತು ಎನ್ನಲಾರೆ. ತಪಾಸಣೆಗೆ ಬಂದವರು ಮೊಡೆನಾದ ಪರೀಕ್ಷೆಯನ್ನು ಪದವಿಗೆ ಒಪ್ಪಿಕೊಂಡರು, ಆದರೆ ಯೋಜನೆಯ ಸಾಧನೆಯಾಗಿ ಒಪ್ಪಿಕೊಳ್ಳಲಿಲ್ಲ. ಅದು ಆನ್‌ಲೈನ್ ಆಗಿರಲಿಲ್ಲವಲ್ಲ. ಎರಡನೆಯ ಸುತ್ತಿನ ನೆರವು ಬೇರೆ ವಿಶ್ವವಿದ್ಯಾಲಯಕ್ಕೆ ಹೋಯಿತು. ಕ್ಯಾಮೆರಾಗಳು ಹಳೆಯವಾದವು, ಸಾಫ್ಟ್‌ವೇರಿನ ಅವಧಿ ಮುಗಿಯಿತು, ಅದನ್ನು ಮತ್ತೆ ಯಾರೂ ಕೊಳ್ಳಲಿಲ್ಲ. ಪದವಿ ಮಾತ್ರ ನಿಲ್ಲಲಿಲ್ಲ. ಮೊದಲ ವರ್ಷದವರು ತಮ್ಮ ಗೆಳತಿಯರಿಗೆ ಹೇಳಿದರು, ಅವರು ತಂಗಿಯರಿಗೆ ಹೇಳಿದರು. ತರಗತಿ ಈಗಲೂ ಮಧ್ಯಾಹ್ನದ ಊಟವಾದ ಮೇಲೆಯೇ ನಡೆಯುತ್ತದೆ. ಹೊರಗಿನ ಪರೀಕ್ಷೆಗೆ ಪ್ರಯಾಣದ ಖರ್ಚನ್ನು ಬಾಲೆವ್ ಹೇಗೋ ಬೇರೆ ಬಾಬ್ತಿನಿಂದ ಹೊಂದಿಸಿಕೊಡುತ್ತಾರೆ. ಹೇಗೆಂದು ನಾನು ಕೇಳಿಲ್ಲ.

ಪೆನ್ಕಾ ಆ ಸೆಪ್ಟೆಂಬರಿನಲ್ಲಿ ಬರಲಿಲ್ಲ. ಮರುವರ್ಷ ಬಂದು ಪಾಸಾದಳು.

ವರ್ಬಿನ್ಕಾ ಎರ್ಸಿಲಿಯಾ ಅಜ್ಜಿ ತೀರಿಕೊಳ್ಳುವವರೆಗೂ ಮೊಡೆನಾದಲ್ಲೇ ಇದ್ದಳು. ಪದವಿ ಮುಗಿಸಿ ಬಂದ ಮೇಲೆ ಪಕ್ಕದ ಪಟ್ಟಣದ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಅರ್ಧ ಮಕ್ಕಳ ಅಪ್ಪ ಅಮ್ಮ ಹೊರದೇಶದಲ್ಲಿದ್ದಾರೆ. ಹೋದ ವರ್ಷ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಅವಳನ್ನು ನೋಡಿದೆ. ಅಂಗಳದಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ಅವಳು ಒಂದು ಬೆಂಚಿನ ತುದಿಯಲ್ಲಿ ಏನೂ ಮಾಡದೆ ಕೂತಿದ್ದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಒಂದು ಹುಡುಗಿ ಅವಳಿಗೆ ಬೆನ್ನು ಮಾಡಿ ಕೂತಿತ್ತು. ನಾನು ಕೈ ಬೀಸಿದೆ. ಸ್ವಲ್ಪ ತಾಳಿ ಎಂದು ಕಣ್ಣಲ್ಲೇ ಹೇಳಿದಳು. ಆಟದ ಹೊತ್ತು ಮುಗಿದ ಮೇಲೆಯೇ ಎದ್ದು ಬಂದು ಮಾತಾಡಿಸಿದಳು.

ಕಾಲೊಯಾನ್ ಈಗ ಮೀಸೆ ಮೂಡಿದ ಹುಡುಗ, ತಾಂತ್ರಿಕ ಶಾಲೆಗೆ ಹೋಗುತ್ತಾನೆ, ತಾಯಿಯ ಜೊತೆಯಲ್ಲೇ ಇದ್ದಾನೆ. ಹೇಗಿದ್ದಾನೆ ಎಂದು ಕೇಳಿದೆ.

"ಹೋದ ತಿಂಗಳು ಬಾಗಿಲು ಒದ್ದು ಮುರಿದ," ಎಂದಳು. "ನನ್ನ ಬಿಟ್ಟು ಹೋದವಳು ನೀನು ಅಂತ ಕೂಗಾಡಿದ. ಅಕ್ಕಪಕ್ಕದವರೆಲ್ಲ ಓಡಿ ಬಂದ್ರು. ನಾನು ರಾತ್ರಿ ಇಡೀ ಅತ್ತೆ, ಬೆಳಗ್ಗೆ ಎದ್ದು ಮೇಡಂಗೆ ಫೋನ್ ಮಾಡಿದೆ."

"ಏನಂದ್ರು?"

"'ಒಳ್ಳೇದಾಯ್ತು' ಅಂದ್ರು. 'ಬಾಗಿಲು ರಿಪೇರಿ ಮಾಡ್ಸು, ಅವನ ಕೈಲೇ ಮಾಡ್ಸು' ಅಂದ್ರು. ಇಬ್ರೂ ಸೇರಿ ಮಾಡಿದ್ವಿ. ಈಗ ಸ್ವಲ್ಪ ಬಿಗಿ, ಭುಜ ಕೊಟ್ಟು ತೆಗೀಬೇಕು."

ಗರ್ಗೋವಾ ನಿವೃತ್ತರಾಗಿದ್ದಾರೆ, ಆದರೂ ಪರೀಕ್ಷೆಗೆ ಅವರೇ ಬೇಕೆಂದು ಡೀನ್ ಕಚೇರಿಯವರು ಕರೆಯುತ್ತಾರೆ. ಮೊನ್ನೆ ವಾಚನಾಲಯಕ್ಕೆ ಬಂದು, ವಲೆನ್ಸಿಯಾದ ಹೆಂಗಸರು ಈ ಸಲ ಇಟಲಿಯವರೆಗೆ ಬರಲಾಗುವುದಿಲ್ಲ ಎನ್ನುತ್ತಿದ್ದಾರೆ ಎಂದರು. ಅಲ್ಲಿಗೆ ಗೆತ್ಸೊನ ಬಸ್ಸು ಹೋಗುವುದಿಲ್ಲ. ಬೇರೆ ಯಾರದಾದರೂ ಹೋಗುತ್ತದೆಯೇ ವಿಚಾರಿಸು ಎಂದು ನನಗೆ ಹೇಳಿ, ಕಿಟಕಿ ಪಕ್ಕದ ಸೀಟೇ ಆಗಬೇಕು ಎಂದು ಸೇರಿಸಿದರು.